ಕೈ ಬಂದವರ ಮನೆ

ಆ ಮನೆಯ ಗಂಡಸರು ತಮ್ಮ ಕೈಯಾರೆ ಊಟ ಮಾಡುತ್ತಿರಲಿಲ್ಲ. ಸೋಮಾರಿಗಳೆಂದುಕೊಳ್ಳಬೇಡಿ, ಬೆಳಕು ಹರಿಯುವ ಮೊದಲೇ ಎದ್ದು ಬೆನ್ನು ಬಗ್ಗಿಸಿ ದುಡಿಯುವ ಜನ ಅವರು. ತಟ್ಟೆಯ ಮುಂದೆ ಕುಳಿತಾಗ ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಸುಮ್ಮನಾಗುತ್ತಿದ್ದರು. ಹೆಂಡತಿಯೋ ತಾಯಿಯೋ ಪಕ್ಕದಲ್ಲಿ ಕುಳಿತು ಬಾಯಿಗೆ ತುತ್ತು ಇಡಬೇಕು, ಲೋಟ ತುಟಿಗೆ ಹಿಡಿಯಬೇಕು, ಕೊನೆಗೆ ಬಾಯಿ ಒರೆಸಬೇಕು. ಮೀಸೆ ಬಂದ ಗಂಡಸು ಹೀಗೆ ಬಾಯಿ ತೆರೆದು ಕುಳಿತದ್ದನ್ನು ಮೊದಲ ಸಲ ನೋಡಿದ ನೆಂಟರಿಗೆ ನಗು ತಡೆಯುವುದೇ ದೊಡ್ಡ ಕೆಲಸವಾಗುತ್ತಿತ್ತು. ಕಾರಣ ತಿಳಿದ ಮೇಲೆ ಅದೇ ನೆಂಟರು ಗೌರವದಿಂದ ತಲೆ ತಗ್ಗಿಸುತ್ತಿದ್ದರು.

ಆ ಮನೆಯ ಸೊಸೆಗೆ ದಿನದ ಮೊದಲ ಕೆಲಸವೇ ಇದು. ಬಲಗಡೆ ಗಂಡ, ಎಡಗಡೆ ಮಗ, ನಡುವೆ ತಾನು. ಗಂಡನ ಹಲ್ಲು ಮುಕ್ಕಾಲು ಪಾಲು ಉದುರಿದ್ದರಿಂದ ಅವನ ಅನ್ನವನ್ನು ಮೆತ್ತಗೆ ಹಿಸುಕಬೇಕು. ಮಗನಿಗೆ ಇಪ್ಪತ್ತೊಂದು ತುಂಬಿದ್ದರೂ ತಾಯಿಯ ಕೈತುತ್ತು ತಿನ್ನುವಾಗ ಮುಖ ಎತ್ತುತ್ತಿರಲಿಲ್ಲ. "ಒಂದೇ ಹಕ್ಕಿ, ಎರಡು ಮರಿ," ಎಂದು ಮಗಳು ಛೇಡಿಸುತ್ತಿದ್ದಳು. ಸೊಸೆ ನಕ್ಕು ಸುಮ್ಮನಾಗಿ, ಅವರಿಬ್ಬರದೂ ಮುಗಿದ ಮೇಲೆ ಆರಿ ತಣ್ಣಗಾದ ತನ್ನ ಪಾಲನ್ನು ಉಣ್ಣುತ್ತಿದ್ದಳು.

ಅವರ ಕಸುಬು ಗಿಲೀಟಿನದು. ತಾಮ್ರ ಹಿತ್ತಾಳೆಯ ಸಾಮಾನಿಗೆ ಚಿನ್ನ ಹಿಡಿಸುವುದು. ಆಟದಲ್ಲಿ ಗೆದ್ದವರಿಗೆ ಕೊಡುವ ಬಹುಮಾನದ ಬಟ್ಟಲು, ಗೋಡೆ ಗಡಿಯಾರದ ಚೌಕಟ್ಟು, ಕನ್ನಡಿಯ ಅಂಚು, ದೊಡ್ಡ ಮನೆಗಳ ಬಾಗಿಲ ಹಿಡಿ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಬೀದಿಗೆ ತೆರೆದ ಮುಂಗೋಣೆಯಲ್ಲಿ ಚಾಣ ಹಿಡಿದು ಬಳ್ಳಿ, ಎಲೆ, ಅಕ್ಷರ ಕೊರೆಯುತ್ತಿದ್ದರು. ಹಿಂದಿನ ಸಣ್ಣ ಕೋಣೆಯಲ್ಲಿ ಲೇಪ. ಚಿನ್ನವನ್ನು ಪಾದರಸದ ಜೊತೆ ಅರೆದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಅದನ್ನು ಸಾಮಾನಿಗೆ ಸವರಿ ಕೆಂಡದ ಮೇಲೆ ಹಿಡಿದರೆ ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಯಾವುದಕ್ಕೆ ಯಾವುದು ಎಷ್ಟು, ಕೆಂಡ ಎಷ್ಟು ಹೊತ್ತು ಎಂಬುದು ಮನೆಯ ಗುಟ್ಟು. ಹೊಗೆ ಹೊರಗೆ ಹೋದರೆ ಅದರ ಜೊತೆ ಗುಟ್ಟೂ ಹೋಗುತ್ತದೆಂದು ಹಿಂದಿನ ಕಾಲದ ಯಾವನೋ ಹಿರಿಯ ನಂಬಿದ. ಅಂದಿನಿಂದ ಆ ಕೋಣೆಯ ಕಿಟಕಿಗೆ ಹಲಗೆ ಹೊಡೆದು ಗಾರೆ ಮೆತ್ತಿದ್ದರು. ಒಲೆ ಹೊತ್ತಿದ ಮೇಲೆ ಬಾಗಿಲು ಮುಚ್ಚಿ, ಹೊರಗಿನಿಂದ ಹೆಂಗಸರು ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಬೇಕು. ಒಲೆ ಆರುವ ತನಕ ತೆರೆಯುವಂತಿರಲಿಲ್ಲ.

ಹದಿನೆಂಟು ತುಂಬಿದ ಗಂಡುಮಕ್ಕಳಿಗೆ ಮಾತ್ರ ಆ ಕೋಣೆಗೆ ಪ್ರವೇಶ. ಒಳಗೆ ಹೋಗಿ ಕೆಲವು ವರ್ಷವಾದ ಮೇಲೆ ಅವರ ಬೆರಳು ನಡುಗಲು ಶುರುವಾಗುತ್ತಿತ್ತು. ಅದಕ್ಕೆ ಆ ಮನೆಯವರು ಇಟ್ಟ ಹೆಸರು 'ಕೈ ಬರುವುದು'. ವಿದ್ಯೆ ಮೈಯೊಳಗೆ ಇಳಿದಿದೆ, ಮೈ ಹಿಡಿಸಲಾರದೆ ಬೆರಳ ತುದಿಯಲ್ಲಿ ಕುಣಿಯುತ್ತಿದೆ ಎಂದು ಅದರ ಅರ್ಥ. ಕೈ ಬಂದ ದಿನ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಅಂಥ ಕೈಯನ್ನು ಅನ್ನ ಕಲಸುವ, ಗುಂಡಿ ಹಾಕುವ ಕೆಲಸಕ್ಕೆ ಬಳಸಬಾರದು; ಅದಕ್ಕೆ ಮನೆಯ ಹೆಂಗಸರಿದ್ದಾರೆ. ಹೆಣ್ಣು ಕೊಡಲು ಬಂದವರು ಹುಡುಗನ ಮುಖಕ್ಕಿಂತ ಮೊದಲು ಬೆರಳು ನೋಡುತ್ತಿದ್ದರು. ಈ ಸೊಸೆಯ ತಂದೆಯೂ ಇಪ್ಪತ್ತನಾಲ್ಕು ವರ್ಷದ ಹಿಂದೆ ಹಾಗೆಯೇ ನೋಡಿ, "ಇನ್ನೂ ಬಂದಿಲ್ಲ, ಆದ್ರೆ ಬರೋ ಲಕ್ಷಣ ಇದೆ," ಎಂದು ಸಮಾಧಾನಪಟ್ಟುಕೊಂಡಿದ್ದ.

ಓದುವವರೇ, ಮೂಗು ಮುರಿಯಬೇಡಿ. ಕಣ್ಣು ಬಿಟ್ಟಾಗಿನಿಂದ ನೋಡಿದ್ದನ್ನು ಬೇರೆ ಕಣ್ಣಿನಿಂದ ನೋಡುವುದು ನಿಮಗೂ ನನಗೂ ಅಷ್ಟು ಸುಲಭವಲ್ಲ. ಆ ಮನೆಯ ಹಿರಿಯ ಅಜ್ಜಿಯನ್ನೇ ನೋಡಿ. ಗಂಡನಿಗೆ ಹದಿನಾರು ವರ್ಷ ತುತ್ತು ಇಟ್ಟವಳು. ಅವನು ಐವತ್ತಕ್ಕೆ ಆ ಕೋಣೆಯೊಳಗೇ ತೀರಿಕೊಂಡ. "ಕೆಲಸ ಮಾಡ್ತಾ ಮಾಡ್ತಾ ಹೋದರು, ಎಷ್ಟು ಜನಕ್ಕಿದೆ ಆ ಭಾಗ್ಯ?" ಎನ್ನುತ್ತಿದ್ದಳು. ದೊಡ್ಡ ಮಗ ಎರಡು ವರ್ಷ ಹಾಸಿಗೆ ಹಿಡಿದು ನಲವತ್ತಾರಕ್ಕೆ ಹೋದ. ಉಳಿದವನು ಚಿಕ್ಕ ಮಗ, ಈಗಿನ ಯಜಮಾನ, ನಮ್ಮ ಸೊಸೆಯ ಗಂಡ. ಇಷ್ಟೆಲ್ಲ ಕಂಡರೂ ಅಜ್ಜಿಯ ಬೆನ್ನು ಬಾಗಿರಲಿಲ್ಲ, ದನಿ ಇಳಿದಿರಲಿಲ್ಲ. ಎಪ್ಪತ್ತೈದರಲ್ಲೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ಆ ಮನೆಯಲ್ಲಿ ಹೆಂಗಸರ ಕೈ ಯಾವತ್ತೂ ನಡುಗಿದ್ದಿಲ್ಲ. ಅವರಿಗೆ ವಿದ್ಯೆ ಇಳಿದಿಲ್ಲವಲ್ಲ, ಅದಕ್ಕೆ ಎಂದು ಎಲ್ಲರೂ ನಂಬಿದ್ದರು.

ಸೊಸೆಯ ಮನಸ್ಸಿನಲ್ಲಿ ಮೂರು ವರ್ಷದಿಂದ ಒಂದು ಮುಳ್ಳು ಮುರಿದು ಕೂತಿತ್ತು. ಊರಿನ ಕರಕುಶಲ ಶಾಲೆಯ ಟೀಚರು ಆಗ ಒಂದು ಕಾಗದ ತಂದಿದ್ದರು. ಹೊರದೇಶದಲ್ಲೊಂದು ಲೋಹಕಲೆಯ ಶಾಲೆ. ಕಸುಬಿನ ಮನೆತನದ ಹುಡುಗ ಹುಡುಗಿಯರನ್ನು ಬೇರೆ ಬೇರೆ ದೇಶಗಳಿಂದ ಆರಿಸಿ ಎರಡು ವರ್ಷ ಕಲಿಸುತ್ತಾರೆ. ಹೋಗಿಬರುವುದು, ಊಟ, ವಸತಿ ಎಲ್ಲ ಅವರದೇ. ಮಗ ಕೊರೆದಿದ್ದ ಒಂದು ತಟ್ಟೆಯ ಚಿತ್ರ ನೋಡಿ ಅವರು ಕೂಡಲೇ ಬಾ ಎಂದಿದ್ದರು. ಆಗ ಅವನಿಗೆ ಹದಿನೆಂಟು ತುಂಬಲು ಹದಿನೈದು ದಿನ ಉಳಿದಿತ್ತು. ಅಜ್ಜಿ ಬೇಡವೆಂದಳು, ಯಜಮಾನ ತಲೆಯಾಡಿಸಿದ. ಮಗ ತಾಯಿಯ ಮುಖ ನೋಡಿದ. ತಾಯಿ ತುಟಿ ಪಿಟಿಕ್ಕೆನ್ನಲಿಲ್ಲ.

ಎರಡೇ ವರ್ಷಕ್ಕೆ ಅವನ ಕೈ ಬಂತು. "ಇಪ್ಪತ್ತಕ್ಕೇ! ಅಜ್ಜನಿಗೂ ಇಷ್ಟು ಬೇಗ ಬಂದಿರಲಿಲ್ಲ," ಎಂದು ಅಜ್ಜಿ ಹಿಗ್ಗಿ ಹೀರೆಕಾಯಿಯಾದಳು. ಸೊಸೆಯ ಬಾಯಿಗೂ ಒಂದು ಸಿಹಿ ಇಟ್ಟಳು. ಸೊಸೆ ಅದನ್ನು ನುಂಗಿದಳು. ಬೀದಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬರುತ್ತಿದ್ದ, ತರಕಾರಿಯವಳ ದನಿಯನ್ನು ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದ ಹುಡುಗ ಈಗ ಯಾರಾದರೂ ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದ. ಸಣ್ಣ ಮಾತಿಗೆ ಕಣ್ಣಲ್ಲಿ ನೀರು. ಚಾಣ ಹಿಡಿದರೆ ಗೆರೆ ಹಾವಿನಂತೆ ಓಡುತ್ತಿತ್ತು. "ಗಂಭೀರ ಆಗಿದ್ದಾನೆ, ಕೈ ಬಂದವರ ಲಕ್ಷಣವೇ ಹಾಗೆ," ಎಂದು ಅಜ್ಜಿ ಅದಕ್ಕೂ ಒಂದು ಅರ್ಥ ಹೇಳಿದಳು.

ಈಗ ಅದೇ ಟೀಚರು ಅಂಥದೇ ಇನ್ನೊಂದು ಕಾಗದ ಹಿಡಿದು ಬಂದಿದ್ದರು. ಈ ಸಲ ಹೆಸರು ಮಗಳದು.

ಮಗಳನ್ನು ಮನೆಯಲ್ಲಿ ಕರೆಯುವುದು 'ಇರುವೆ' ಎಂದು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದು ಹೂತೋಟ ಕೊರೆಯುತ್ತಾಳೆ ಎಂದು ಅಣ್ಣನೇ ಇಟ್ಟ ಹೆಸರು. ಹದಿನೆಂಟು ವರ್ಷದ ಹುಡುಗಿ, ಮಾತಿಗೆ ಮುಂದು. ಮುಂಗೋಣೆಯ ಕೊರೆತವೆಲ್ಲ ಈಗ ಅವಳದೇ. ಹಿಂದಿನ ಕೋಣೆಗೆ ಮಾತ್ರ ಅವಳಿಗೆ ಬಾಗಿಲ ತನಕವಷ್ಟೇ ಪ್ರವೇಶ. ಸಂದಿಗೆ ಬಟ್ಟೆ ತುರುಕುವ ಕೆಲಸದಲ್ಲಿ ತಾಯಿಗೆ ನೆರವಾಗುತ್ತಿದ್ದಳು.

ಟೀಚರು ಚಹಾ ಕೂಡ ಮುಟ್ಟದೆ ನೇರವಾಗಿ ವಿಷಯಕ್ಕೆ ಬಂದರು. "ಅಜ್ಜಿ, ನೂರಾರು ಮಕ್ಕಳಲ್ಲಿ ಇವಳನ್ನ ಆರಿಸಿದ್ದಾರೆ. ಕೆಲಸ ಕಲಿಸಿದ ಯಜಮಾನರು ಕಳಿಸಿಕೊಡ್ತೀವಿ ಅಂತ ಬರೆದು ಸಹಿ ಹಾಕಬೇಕು, ಅಷ್ಟೇ. ಹತ್ತು ದಿನ ಟೈಮ್ ಇದೆ."

"ನಮ್ಮನೇಲಿ ಇಲ್ಲದ ವಿದ್ಯೆ ಅಲ್ಲೇನಿದೆ ತಾಯಿ?" ಎಂದಳು ಅಜ್ಜಿ.

"ಅಲ್ಲಿ ಒಲೆ ಮೇಲೆ ಹೊಗೆ ಎಳೆಯೋ ಗೂಡು ಇರುತ್ತೆ. ಕೆಲಸ ಮಾಡೋರ ಮೂಗಿಗೆ ಒಂದು ಎಳೆ ಹೊಗೆ ಬರಲ್ಲ. ಪಾದರಸವೇ ಇಲ್ಲದೆ ಚಿನ್ನ ಹಿಡಿಸೋದೂ ಕಲಿಸ್ತಾರೆ."

"ಪಾದರಸ ಇಲ್ಲದ ಗಿಲೀಟಾ? ಹಾಲಿಲ್ಲದೆ ಮೊಸರು ಮಾಡ್ತೀನಿ ಅಂದ ಹಾಗಾಯ್ತು!" ಅಜ್ಜಿ ಗಹಗಹಿಸಿ ನಕ್ಕಳು. ನಗು ನಿಂತ ಮೇಲೆ ದನಿ ಗಟ್ಟಿಯಾಯಿತು. "ನೋಡಮ್ಮ, ಇವಳು ನಮ್ಮ ಗುಟ್ಟು ತಿಳಿಯದೆ ಅಲ್ಲಿಗೆ ಹೋದ್ರೆ ಮನೆತನದ ಮಾನ ಹೋಗುತ್ತೆ. ತಿಳಿದು ಹೋದ್ರೆ ಗುಟ್ಟೇ ಹೋಗುತ್ತೆ. ಯಾವುದನ್ನ ಕಳಿಸಲಿ ಹೇಳು?"

"ಗುಟ್ಟು ಅಂತ ಕಟ್ಟಿಟ್ಟಿರೋದು ವಿಷ ಅಜ್ಜಿ. ಇವರ ಕೈ ನಡುಗಿಸ್ತಿರೋದು ಆ ಹೊಗೆ. ಹಲ್ಲು ಉದುರಿಸ್ತಿರೋದೂ ಅದೇ. ಮೂರು ವರ್ಷದ ಹಿಂದೇನೂ ಹೇಳಿದೆ. ಒಂದು ಸಲ ಡಾಕ್ಟರ ಹತ್ರ ರಕ್ತ ತೋರಿಸಿ, ಅವರೇ ಹೇಳ್ತಾರೆ."

"ವಿಷ ಆಗಿದ್ರೆ ನನ್ನ ಗಂಡ ಮೂವತ್ತೆರಡು ವರ್ಷ ಅದನ್ನೇ ಉಸಿರಾಡ್ತಿದ್ರಾ?"

"ಐವತ್ತಕ್ಕೆ ಹೋದ್ರಲ್ಲ ಅಜ್ಜಿ."

ಮುಂಗೋಣೆಯಲ್ಲಿ ಚಾಣದ ಸದ್ದು ನಿಂತಿತು. ಯಜಮಾನ ನೆಲ ನೋಡುತ್ತಿದ್ದ. ಅತ್ತೆಯ ಎದುರು ಆ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ.

"ವಿದ್ಯೆ ಇರೋ ಕಡೆ ಆಯಸ್ಸು ಕಮ್ಮಿ," ಎಂದಳು ಅಜ್ಜಿ. "ನಮ್ಮ ಮನೆ ಗಂಡಸರ ಹಣೆಬರಹ ಅದು. ನೀನು ಚಹಾ ಕುಡಿದು ಹೊರಡು."

ಟೀಚರು ಕಾಗದವನ್ನು ಸೊಸೆಯ ಕೈಗಿಟ್ಟರು. ಅವರ ನೋಟದಲ್ಲಿ ದೂರಿರಲಿಲ್ಲ. ಆದರೆ ಸೊಸೆಗೆ ಆ ನೋಟ ಎದುರಿಸಲಾಗಲಿಲ್ಲ.

ಅಜ್ಜಿ ಕೆಟ್ಟವಳಲ್ಲ, ದಡ್ಡಿಯಂತೂ ಅಲ್ಲವೇ ಅಲ್ಲ. ಆ ತಿಂಗಳು ಬಹುಮಾನದ ಬಟ್ಟಲುಗಳ ದೊಡ್ಡ ಕೆಲಸ ಮನೆಗೆ ಬಂದಿತ್ತು. ಒಳಗೆ ಹೋಗುವ ಇಬ್ಬರ ಕೈಯೂ ಬಂದಿದೆ; ಲೇಪ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೂರು ಬಟ್ಟಲು ಮಚ್ಚೆ ಮಚ್ಚೆಯಾಗಿ ವಾಪಸ್ಸು ಬಂದವು. ಅಜ್ಜಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಟೀಚರು ಬಂದುಹೋದ ಮಾರನೆಯ ಬೆಳಗ್ಗೆ ಎಲ್ಲರನ್ನೂ ಕೂರಿಸಿ ಹೇಳಿದಳು.

"ಕಾಲ ಬದಲಾಗಿದೆ ಅಂತ ನನಗೂ ಗೊತ್ತು. ಹೆಣ್ಣುಮಕ್ಕಳು ಏನೇನೋ ಮಾಡ್ತಿದ್ದಾರೆ. ನಾವ್ಯಾಕೆ ಹಿಂದೆ ಬೀಳ್ಬೇಕು? ನಮ್ಮ ಇರುವೆ ಒಳಗೆ ಹೋಗ್ಲಿ. ಗುಟ್ಟು ಅವಳಿಗೆ ಹೇಳಿಕೊಡೋಣ. ಬರೋ ವಾರ ಒಳ್ಳೆ ದಿನ ಇದೆ."

ನೋಡಿದಿರಾ! ಏಳು ತಲೆಮಾರಿನಲ್ಲಿ ಯಾವ ಹೆಣ್ಣಿಗೂ ತೆರೆಯದ ಬಾಗಿಲು ಒಂದು ಮಾತಿನಲ್ಲಿ ತೆರೆಯಿತು. ಸುಧಾರಣೆ ಎಂದರೆ ಇದೇ ಎಂದು ಯಾರಾದರೂ ಚಪ್ಪಾಳೆ ತಟ್ಟಬೇಕು. ಇರುವೆ ಜಿಗಿದು ಅಜ್ಜಿಯನ್ನು ಅಪ್ಪಿಕೊಂಡಳು. ಯಜಮಾನ ಎದ್ದು ಹಿತ್ತಲಿಗೆ ಹೋದ.

ಮಧ್ಯಾಹ್ನ ತಾಯಿ ಮಗಳು ಮುಂಗೋಣೆಯಲ್ಲಿ ಕುಳಿತು ನುಣುಪುಗಲ್ಲಿನಿಂದ ಬಟ್ಟಲು ಉಜ್ಜುತ್ತಿದ್ದರು. ತಾಯಿ ಕೇಳಿದಳು, "ಟೀಚರ್ ಹೇಳಿದ್ದು ಕೇಳಿಸ್ಕೊಂಡೆ ಅಲ್ವಾ?"

"ಕೇಳಿಸ್ಕೊಂಡೆ ಅಮ್ಮ. ನಿಜಾನೇ ಇರಬಹುದು. ಆದ್ರೆ ನೀನೇ ಯೋಚನೆ ಮಾಡು. ಹುಟ್ಟಿದಾಗಿನಿಂದ ಆ ಬಾಗಿಲ ಹೊರಗೆ ನಿಂತು ಸಂದಿಗೆ ಬಟ್ಟೆ ತುರುಕಿದ್ದೀನಿ. ಒಳಗೇನಿದೆ ಅಂತ ಕನಸಲ್ಲೂ ಕಂಡಿದ್ದೀನಿ. ಅಣ್ಣನಿಗಿಂತ ನನ್ನ ಗೆರೆ ಚೆನ್ನಾಗಿತ್ತು, ಆದ್ರೂ ಅವನು ಒಳಗೆ, ನಾನು ಹೊರಗೆ. ಇವತ್ತು ಅಜ್ಜಿ ಒಳಗೆ ಬಾ ಅಂದ್ರು. ನನ್ನನ್ನ!"

"ಅಲ್ಲಿಗೆ ಹೋಗೋದು?"

"ಒಂದು ವರ್ಷ ಒಳಗೆ ಕಲಿತು ಆಮೇಲೆ ಹೋಗ್ತೀನಿ. ಅವರು ಮತ್ತೆ ಕರೀತಾರೆ ಬಿಡು."

ಮತ್ತೆ ಕರೆಯುವುದಿಲ್ಲ ಎಂದು ತಾಯಿಗೆ ಗೊತ್ತಿತ್ತು. ನಡುಗುವ ಕೈಗೆ ಅವರು ಯಾಕೆ ಜಾಗ ಕೊಡುತ್ತಾರೆ? ಇದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕರೆದಳು, ಸೊಸೆ ಕಲ್ಲು ಕೆಳಗಿಟ್ಟು ಎದ್ದು ಹೋದಳು. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ ಅದು.

ಆ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಒಳ್ಳೆಯ ದಿನ ಬಂದೇಬಿಟ್ಟಿತು. ಬೆಳಗ್ಗೆ ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವನು ಎಂದಿನಂತೆ ಗೋಡೆ ನೋಡುತ್ತ ನಿಂತಿದ್ದ. ಹಾಗೇ ನೋಡುತ್ತ, "ಅಮ್ಮ, ಅವಳನ್ನ ಒಳಗೆ ಬಿಡಬೇಡ," ಎಂದ.

"ನಾನೇನು ಮಾಡ್ಲಿ ಮಗಾ? ಅಜ್ಜಿ ಹೇಳಿದ ಮೇಲೆ..."

"ಅವತ್ತು ನೀನು ಒಂದು ಮಾತು ಆಡಿದ್ರೆ ನಾನು ಹೋಗ್ತಿದ್ದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಇವತ್ತು ಮೋಡ ಇದೆ ಎನ್ನುವಷ್ಟು ಸಪ್ಪೆಯಾಗಿ ಹೇಳಿದ. ಅಷ್ಟು ಹೇಳಿ ಅವಳ ಭುಜಕ್ಕೆ ಹಣೆ ಒರಗಿಸಿ ನಿಂತ. ಅವನ ಕೈಗಳು ಅವಳ ಸೆರಗಿಗೆ ತಾಕಿ ತಾಕಿ ಅದುರುತ್ತಿದ್ದವು. ಉಳಿದ ಎರಡು ಗುಂಡಿಗಳನ್ನು ಅವಳು ಹೇಗೆ ಹಾಕಿದಳೋ ಅವಳಿಗೇ ಗೊತ್ತಿಲ್ಲ.

ಒಲೆ ಹೊತ್ತಿಸುವ ಮೊದಲು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಕ್ರಮ. ಇರುವೆ ಹೊಸ ಬಟ್ಟೆ ಉಟ್ಟು, ಅಜ್ಜಿಯ ಪಕ್ಕದಲ್ಲಿ, ಗಂಡಸರ ಸಾಲಿನಲ್ಲಿ ಮೊದಲ ಸಲ ಕುಳಿತಿದ್ದಳು. ಮುಖ ಮಿನುಗುತ್ತಿತ್ತು. ಸೊಸೆ ಎಲ್ಲರಿಗೂ ಬಡಿಸಿದಳು. ಬಡಿಸಿ, ಗಂಡ ಮಗನ ನಡುವೆ ಕೂರುವ ಬದಲು ಎದುರುಗಡೆಯ ಗೋಡೆಗೆ ಒರಗಿ ಕುಳಿತು ಕೈ ಕಟ್ಟಿಕೊಂಡಳು.

ಗಂಡಸರಿಬ್ಬರೂ ಕಾದರು. ಅಜ್ಜಿ ಹುಬ್ಬು ಗಂಟಿಕ್ಕಿದಳು. "ಏನೇ ಇದು? ತುತ್ತು ಇಡು."

"ಇಡಲ್ಲ ಅತ್ತೆ."

"ಏನಂದೆ?"

"ಇವತ್ತು ಅವರೇ ಊಟ ಮಾಡ್ಲಿ. ಇರುವೆ ನೋಡ್ಲಿ."

"ತಲೆ ಕೆಟ್ಟಿದೆಯಾ ನಿನಗೆ? ಕೈ ಬಂದವರು ಅನ್ನ ಕಲಸ್ತಾರಾ? ಒಳ್ಳೆ ದಿನ ನೋಡ್ಕೊಂಡು ಇದೇನು ರಂಪ!" ಅಜ್ಜಿಯ ದನಿ ಬೀದಿಗೆ ಕೇಳುವಷ್ಟಾಯಿತು. ತಾನೇ ತುತ್ತು ಇಡುತ್ತೇನೆಂದು ಏಳಹೋದಳು.

"ಕೂತ್ಕೊಳ್ಳಿ ಅತ್ತೆ," ಎಂದಳು ಸೊಸೆ. ಆ ಮನೆಯಲ್ಲಿ ಅವಳ ಬಾಯಿಂದ ಅಂಥ ದನಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ಮೂರು ವರ್ಷದ ಹಿಂದೆ ನಾನು ಸುಮ್ಮನಿದ್ದೆ. ಅದರ ಫಲ ದಿನಾ ನನ್ನ ಎಡಗಡೆ ಕೂತು ಬಾಯಿ ತೆರೀತಿದೆ. ಇವತ್ತು ಸುಮ್ಮನಿರಲ್ಲ. ರೀ, ಊಟ ಮಾಡಿ. ಮಗಾ, ನೀನೂ ಮಾಡು."

ಮೊದಲು ಕೈ ಹೊರತೆಗೆದವನು ಮಗ. ತಂಗಿಯ ಕಡೆ ಒಮ್ಮೆ ನೋಡಿ, ಬೆರಳುಗಳನ್ನು ತಟ್ಟೆಗೆ ಇಳಿಸಿದ. ತಟ್ಟೆ ಗಡಗಡ ಸದ್ದು ಮಾಡಿತು. ಎತ್ತಿದ ತುತ್ತು ಅರ್ಧ ದಾರಿಯಲ್ಲೇ ಚೆಲ್ಲಿತು. ಎರಡನೆಯ ಸಲ ಕೆನ್ನೆಗೆ ಮೆತ್ತಿತು. ಮೂರನೆಯ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದ. ಎಡಗೈಯೂ ನಡುಗುತ್ತಿತ್ತಲ್ಲ, ಅಂಗಿಯ ತುಂಬ ಅನ್ನವಾಯಿತು. ಯಜಮಾನ ಮಗನನ್ನು ನೋಡಿದ. ಮಗನೊಬ್ಬನೇ ಹೀಗೆ ಬಯಲಾಗುವುದು ಅವನಿಂದ ನೋಡಲಾಗಲಿಲ್ಲವೋ ಏನೋ, ತಾನೂ ಕೈ ತೆಗೆದ. ಲೋಟ ಹಿಡಿದ. ನೀರು ಎದೆಯ ಮೇಲೆ, ತೊಡೆಯ ಮೇಲೆ, ಹೆಂಡತಿ ಬಡಿಸಿದ ಅನ್ನದ ಮೇಲೆಲ್ಲ ಚೆಲ್ಲಿತು. ತುಟಿಗೆ ಹನಿಯೂ ಮುಟ್ಟಲಿಲ್ಲ.

ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ನೋಡಬಾರದೆಂದೇ ಹೆಂಗಸರು ಇಷ್ಟು ಪ್ರೀತಿಯಿಂದ ತುತ್ತು ಇಡುತ್ತ ಬಂದರೇನೋ. ಇರುವೆಯ ಮುಖದ ಮಿನುಗು ಆರಿತು. ಅವಳು ಎದ್ದು ಹೋಗಿ ತನ್ನ ಹೊಸ ಬಟ್ಟೆಯ ಅಂಚಿನಿಂದ ಅಣ್ಣನ ಕೆನ್ನೆ ಒರೆಸಿದಳು. ಆಮೇಲೆ ತನ್ನ ಎರಡು ಕೈಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಜ್ಜಿ, ನಾನು ಒಳಗೆ ಹೋಗಲ್ಲ," ಎಂದಳು. "ಅಪ್ಪನೂ ಅಣ್ಣನೂ ಇನ್ಮೇಲೆ ಹೋಗಲ್ಲ."

ಅಜ್ಜಿ ಯಜಮಾನನ ಕಡೆ ತಿರುಗಿದಳು. "ನೀನು ಹೇಳೋ. ಮನೆ ಯಜಮಾನ ನೀನು. ಏಳು ತಲೆಮಾರಿನ ವಿದ್ಯೆ ಕಣೋ."

ಯಜಮಾನ ಖಾಲಿ ಲೋಟವನ್ನು ಕೆಳಗಿಡಲು ಹೋದ. ಅದು ಉರುಳಿತು. "ಅಮ್ಮ," ಎಂದ, "ನನಗೆ ಹದಿನೈದು ವರ್ಷದಿಂದ ಹೆದರಿಕೆ ಆಗ್ತಿದೆ. ಕೈ ಬಂತು ಅಂತ ನೀನು ಸಿಹಿ ಹಂಚಿದ ದಿನ ನಾನು ಹಿತ್ತಲಲ್ಲಿ ಕೂತು ಅತ್ತಿದ್ದೆ. ಗೆರೆ ಕೊರೆಯೋದು ಅಂದ್ರೆ ನನಗೆ ಪ್ರಾಣ ಆಗಿತ್ತು. ಅದು ಹೋಯ್ತಲ್ಲ ಅಂತ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ. ನನ್ನಂಥ ಪಾಪಿ ಯಾರೂ ಇಲ್ಲ."

ಅಜ್ಜಿ ಬಯ್ಯುತ್ತಾಳೆಂದು ಎಲ್ಲರೂ ಕಾದರು. ಅವಳು ಚೆಲ್ಲಿದ ಅನ್ನವನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕತೊಡಗಿದಳು. ನೆಲ ನೋಡಿಕೊಂಡೇ ಹೇಳಿದಳು.

"ನಿಮ್ಮಪ್ಪ ಒಳಗೆ ತೀರಿಕೊಂಡ ದಿನ. ಒಲೆ ಹೊತ್ತಿತ್ತು. ನಾನೇ ಬಟ್ಟೆ ತುರುಕಿದ್ದು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದ್ರು, ಬಾಗಿಲು ತೆಗಿ ಅಂತ."

ಯಜಮಾನ ತಲೆ ಎತ್ತಿದ. "ಇದನ್ನ ನೀನು ಯಾವತ್ತೂ ಹೇಳಲಿಲ್ಲ."

"ಎರಡು ಸಲ ಕೂಗಿದ್ರು. ಒಲೆ ಆರೋ ತನಕ ತೆಗೀಬಾರದು ಅನ್ನೋದು ಕಟ್ಟುಪಾಡು. ಅವರೇ ಮದುವೆಯಾದ ಹೊಸತರಲ್ಲಿ ನನಗೆ ಹೇಳಿಕೊಟ್ಟಿದ್ದು. ನಾನೇ ಸತ್ತರೂ ತೆಗೀಬೇಡ ಅಂದಿದ್ರು. ತಮಾಷೆಗೆ ಅಂದಿದ್ದೋ ನಿಜಕ್ಕೋ, ನನಗೇನು ಗೊತ್ತು? ಅದನ್ನ ಹೇಳಿಕೊಟ್ಟಾಗ ನಾನು ಹದಿನೇಳು ವರ್ಷದವಳು. ಅವರು ಕೂಗಿದ ದಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಲೆ ಆರೋ ತನಕ ಕೂತಿದ್ದೆ." ಅಜ್ಜಿಯ ಕೈ ನಿಂತಿತು. "ಟೀಚರಮ್ಮ ಹೇಳಿದ್ದನ್ನ ನಾನು ಒಪ್ಪಿಬಿಟ್ಟರೆ, ಅವತ್ತು ನಾನು ಮಾಡಿದ್ದು ಏನಾಗುತ್ತೆ? ದೊಡ್ಡವನನ್ನ ಕಳಿಸಿದ್ದು, ನಿನ್ನನ್ನ ಕಳಿಸಿದ್ದು, ಈ ಮಗುವನ್ನ ಕಳಿಸಿದ್ದು, ಎಲ್ಲ ಏನಾಗುತ್ತೆ? ಅದಕ್ಕೇ ಒಪ್ಪಲಿಲ್ಲ ಕಣೇ ನಾನು."

ಕೊನೆಯ ಮಾತನ್ನು ಅವಳು ಸೊಸೆಯ ಕಡೆ ನೋಡಿ ಹೇಳಿದಳು. ಸೊಸೆಯ ಕಣ್ಣಲ್ಲಿ ನೀರಾಡಿತು. ಹದಿನೇಳರಲ್ಲಿ ಬಂದವಳಿಗೆ ಎದುರು ಮಾತಾಡುವುದನ್ನು ಯಾರು ಕಲಿಸಿದ್ದರು? ತನಗೆ ಯಾರು ಕಲಿಸಿದ್ದರು? ಅವಳು ಎದ್ದು ಅತ್ತೆಯ ಪಕ್ಕ ಕುಳಿತು, ಉಳಿದ ಅನ್ನವನ್ನು ತಾನೂ ಆರಿಸಿದಳು. ಅತ್ತೆ ಸೊಸೆ ಇಬ್ಬರೇ ನೆಲವನ್ನು ಚೊಕ್ಕ ಮಾಡಿದರು. ಆಮೇಲೆ ಅಜ್ಜಿ ಒಂದು ತುತ್ತು ಕಲಸಿ ಮೊಮ್ಮಗನ ಬಾಯಿಗೆ ಇಟ್ಟಳು. ಆ ದಿನ ಅದನ್ನು ಗೌರವವೆಂದು ಯಾರೂ ಕರೆಯಲಿಲ್ಲ.

ಒಲೆ ಹೊತ್ತಲಿಲ್ಲ. ಬಟ್ಟಲುಗಳಿಗೆ ಕೊರೆತ, ಉಜ್ಜುವುದು ಮಾತ್ರ ಮಾಡಿಕೊಡುತ್ತೇವೆ, ಲೇಪ ಇನ್ನು ಈ ಮನೆಯಲ್ಲಿಲ್ಲ ಎಂದು ಹೇಳಿಕಳಿಸಿದರು. ಎರಡು ದಿನ ಬಿಟ್ಟು ಟೀಚರ ಜೊತೆ ಅಪ್ಪ ಮಗ ಡಾಕ್ಟರ ಹತ್ತಿರ ಹೋಗಿಬಂದರು. ಹೊಗೆಯಿಂದ ದೂರವಿದ್ದರೆ ಹುಡುಗನ ಕೈ ಎಷ್ಟೋ ಸುಧಾರಿಸಬಹುದು, ಅಪ್ಪನದು ಹೇಳಲಾಗದು ಎಂದರಂತೆ.

ಗಡುವಿಗೆ ಒಂದು ದಿನ ಮುಂಚೆ ಸೊಸೆ ಕಾಗದವನ್ನು ಮುಂಗೋಣೆಯಲ್ಲಿ ಹರಡಿ ಕುಳಿತಳು. ಬರೆಯುವವಳು ಅವಳು, ಹೇಳುವವನು ಯಜಮಾನ. ಹುಡುಗಿಯ ವಯಸ್ಸು, ಕೆಲಸ ಕಲಿತ ವರ್ಷ ಎಲ್ಲ ತುಂಬಿದ ಮೇಲೆ ಕೆಳಗೊಂದು ಪ್ರಶ್ನೆ ಉಳಿಯಿತು: ನಿಮ್ಮ ವಿದ್ಯಾರ್ಥಿ ಇಲ್ಲಿ ಏನು ಕಲಿಯಬೇಕೆಂದು ಬಯಸುತ್ತೀರಿ?

ಇರುವೆ, ಅವಳಣ್ಣ, ಅಜ್ಜಿ ಎಲ್ಲರೂ ಸುತ್ತ ಕುಳಿತಿದ್ದರು. ಯಜಮಾನ ಬಹಳ ಯೋಚಿಸಿದ. "ಬರಿ," ಎಂದ. "ಗಿಲೀಟು ಕೆಲಸ ಮಾಡಿದವನು ಅರವತ್ತು ವರ್ಷ ಬದುಕೋದು ಹೇಗೆ ಅಂತ ಕಲಿಸಿ. ಕಲಿಸಿ ವಾಪಸ್ಸು ಕಳಿಸಿ."

ಸೊಸೆ ಹಾಗೆಯೇ ಬರೆದಳು. ಮಗ ಅಪ್ಪನ ಮಣಿಕಟ್ಟನ್ನು ಹಿಡಿದ, ಇರುವೆ ಅಣ್ಣನ ಕೈಯನ್ನು ಹಿಡಿದಳು. ಮೂವರೂ ಸೇರಿ ಸಹಿಯ ಜಾಗದಲ್ಲಿ ಯಜಮಾನನ ಹೆಬ್ಬೆಟ್ಟನ್ನು ಒತ್ತಿದರು. ಸೊಸೆ ಮಡಿಚಲು ಹೋದಾಗ ಅಜ್ಜಿ ತಡೆದಳು.

"ಬೇಗ ಕಲಿಸಿ ಅಂತಾನೂ ಬರಿ ಕಣೇ," ಎಂದಳು. "ಇವನಿಗೆ ಆಗಲೇ ನಲವತ್ತೇಳು."